ಕಂಪ್ಯೂಟರ್ ರೂಮಿನಲ್ಲಿ, ಆಟ ಹಾಲ್‌ನಲ್ಲಿ: ನಡುವಿನ ಗಾಳಿ ಯಾರದು?

2025ರ ಡಿಸೆಂಬರ್ ಮೊದಲ ವಾರದಲ್ಲಿ ಅಮೆರಿಕದ ಮೈಕ್ರಾನ್ ಕಂಪನಿ ಒಂದು ಪ್ರಕಟಣೆ ಕೊಟ್ಟಿತು. ‘ಕ್ರೂಷಿಯಲ್’ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ರ‍್ಯಾಮ್, ಎಸ್‌ಎಸ್‌ಡಿ ಮಾರುವ ವ್ಯವಹಾರವನ್ನು ನಿಲ್ಲಿಸುತ್ತೇವೆ ಅಂತ. ಕಾರಣವನ್ನೇನೂ ಮುಚ್ಚಿಡಲಿಲ್ಲ. ಎಐ ಡೇಟಾ ಸೆಂಟರ್‌ಗಳಿಂದ ಬೇಡಿಕೆ ಏರುತ್ತಿದೆ, ದೊಡ್ಡ ಗಿರಾಕಿಗಳನ್ನು ಮೊದಲು ನೋಡಿಕೊಳ್ಳಬೇಕು ಅಂದಿತು. ಜಗತ್ತಿನ ಮೆಮೊರಿ ಚಿಪ್ ಮಾರುಕಟ್ಟೆಯ ಬಹುಪಾಲು ಇರುವುದೇ ಮೂರು ಕಂಪನಿಗಳ ಕೈಯಲ್ಲಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಅದರಲ್ಲಿ ಒಂದು ಅಂಗಡಿಯ ಮುಂಬಾಗಿಲು ಹಾಕಿಕೊಂಡು, ಸಗಟು ಗಿರಾಕಿಗಳಿಗೆ ಮಾತ್ರ ಹಿಂಬಾಗಿಲು ತೆರೆದಿಟ್ಟ ಹಾಗಾಯಿತು.

ಇದಕ್ಕಿಂತ ದೊಡ್ಡ ಕಥೆ ಎನ್ವಿಡಿಯಾದ ಲೆಕ್ಕಪತ್ರದಲ್ಲಿದೆ. 2022ರ ಜನವರಿಗೆ ಮುಗಿದ ಹಣಕಾಸು ವರ್ಷದಲ್ಲಿ ಆ ಕಂಪನಿಗೆ ಗೇಮಿಂಗ್‌ನಿಂದ ಬಂದದ್ದು 1,246 ಕೋಟಿ ಡಾಲರ್, ಡೇಟಾ ಸೆಂಟರ್‌ನಿಂದ 1,061 ಕೋಟಿ. ಅಂದರೆ ಆಗ ಆಟ ಆಡೋರೇ ಅದರ ದೊಡ್ಡ ಗಿರಾಕಿಗಳು. ಮೂರು ವರ್ಷ ಬಿಟ್ಟು, 2025ರ ಜನವರಿಗೆ ಮುಗಿದ ವರ್ಷದಲ್ಲಿ ನೋಡಿ. ಗೇಮಿಂಗ್ 1,135 ಕೋಟಿ ಡಾಲರ್. ಡೇಟಾ ಸೆಂಟರ್ 11,500 ಕೋಟಿಗೂ ಹೆಚ್ಚು. ಹತ್ತು ಪಟ್ಟು! ಗ್ರಾಫಿಕ್ಸ್ ಕಾರ್ಡ್ ಎಂಬ ವಸ್ತುವನ್ನು ಮನೆಮನೆಗೆ ತಲುಪಿಸಿ ಬೆಳೆದ ಕಂಪನಿಗೆ ಈಗ ಮನೆ ಅನ್ನೋದು ಒಂದು ಸಣ್ಣ ಪಕ್ಕದ ವ್ಯಾಪಾರ.

ಈ ಹಿನ್ನೆಲೆ ಇಟ್ಟುಕೊಂಡು ನಾನು ಒಂದು ಸಣ್ಣ, ನೋಡಲಿಕ್ಕೆ ಶೋಕಿ ಅನ್ನಿಸುವ ತಂತ್ರಜ್ಞಾನದ ಬಗ್ಗೆ ಬರೆಯುತ್ತಿದ್ದೇನೆ. ರೂಮಿನಲ್ಲಿರುವ ಪಿಸಿಯಲ್ಲಿ ಗೇಮ್ ಓಡುತ್ತಿರುತ್ತದೆ, ನೀವು ಅದನ್ನು ಹಾಲ್‌ನ ಟಿವಿಯಲ್ಲೋ, ಮಂಚದ ಮೇಲೆ ಮಲಗಿಕೊಂಡು ಫೋನಿನಲ್ಲೋ ಆಡುತ್ತೀರಿ. ಅಷ್ಟೇ. ಇದರಲ್ಲಿ ರಾಜಕೀಯ ಎಲ್ಲಿಂದ ಬಂತು ಅಂತ ಕೇಳಬಹುದು. ಎಲ್ಲ ಕಡೆಯಿಂದಲೂ ಬಂದಿದೆ.

ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಪಿಸಿಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 60 ಚಿತ್ರ ಬಿಡಿಸುತ್ತದೆ. ಅದೇ ಕಾರ್ಡಿನಲ್ಲಿರುವ ಇನ್ನೊಂದು ಪುಟ್ಟ ಘಟಕ ಪ್ರತಿ ಚಿತ್ರವನ್ನೂ ವಿಡಿಯೊ ರೂಪಕ್ಕೆ ಅದುಮಿ ನೆಟ್‌ವರ್ಕ್‌ಗೆ ತಳ್ಳುತ್ತದೆ. ಫೋನೋ ಟಿವಿಯೋ ಅದನ್ನು ಬಿಚ್ಚಿ ತೋರಿಸುತ್ತದೆ. ನೀವು ಬಟನ್ ಒತ್ತಿದರೆ ಆ ಸುದ್ದಿ ಹಿಂದಕ್ಕೆ ಪಿಸಿಗೆ ಓಡುತ್ತದೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಇರುವುದು ಹದಿನಾರೂ ಮುಕ್ಕಾಲು ಮಿಲಿಸೆಕೆಂಡಿಗಿಂತ ಕಮ್ಮಿ ಸಮಯ. ಅಷ್ಟರೊಳಗೆ ಈ ಎಲ್ಲ ಓಡಾಟ ಹೆಚ್ಚುಕಮ್ಮಿ ಮುಗಿಯಬೇಕು. ಒಂದೆರಡು ಚಿತ್ರದಷ್ಟು ತಡವಾದರೆ ಕೈಗೆ ಗೊತ್ತಾಗಲ್ಲ, ಅದಕ್ಕಿಂತ ಹೆಚ್ಚಾದರೆ ಆಟಗಾರನಿಗೆ ಸ್ಟೇರಿಂಗ್ ಸಡಿಲವಾದ ಬಸ್ ಓಡಿಸಿದ ಅನುಭವ.

“ನೆಟ್‌ಫ್ಲಿಕ್ಸ್ 4ಕೆ ಚೆನ್ನಾಗಿ ಬರುತ್ತೆ, ಇದ್ಯಾಕೆ ಬರಲ್ಲ?” ಅಂತ ಸುಮಾರು ಜನ ಕೇಳ್ತಾರೆ. ಸಿನಿಮಾ ಅನ್ನೋದು ಉಪ್ಪಿನಕಾಯಿ ಇದ್ದ ಹಾಗೆ. ಮೊದಲೇ ಹಾಕಿ, ಭರಣಿಯಲ್ಲಿ ತುಂಬಿಟ್ಟಿರುತ್ತಾರೆ. ನಿಮ್ಮ ಟಿವಿ ಮುಂದಿನ ಅರ್ಧ ನಿಮಿಷದ ಸಿನಿಮಾವನ್ನು ಆಗಲೇ ತಂದು ತಟ್ಟೆಯ ಪಕ್ಕ ಇಟ್ಟುಕೊಂಡಿರುತ್ತದೆ. ನಡುವೆ ನೆಟ್ ಎರಡು ಸೆಕೆಂಡ್ ಹೋದರೂ ನಿಮಗೆ ತಿಳಿಯಲ್ಲ. ಗೇಮ್ ಹಾಗಲ್ಲ, ಅದು ಕಾವಲಿಯಿಂದ ನೇರ ಎಲೆಗೆ ಬೀಳುವ ದೋಸೆ. ನೀವು ಬಟನ್ ಒತ್ತುವ ತನಕ ಮುಂದಿನ ಚಿತ್ರವೇ ಹುಟ್ಟಿರಲ್ಲ, ಮುಂಚೆ ತಂದಿಟ್ಟುಕೊಳ್ಳೋದು ಎಲ್ಲಿಂದ? ಹಾಗಾಗಿ ಅಡುಗೆಮನೆ ಎಷ್ಟು ಹತ್ತಿರದಲ್ಲಿದೆ ಎನ್ನುವುದೇ ಇಲ್ಲಿ ಮುಖ್ಯ ಪ್ರಶ್ನೆ.

ಅಡುಗೆಮನೆ ನಮ್ಮ ಮನೆಯಲ್ಲೇ ಇರಬಹುದು, ಅಥವಾ ಕಂಪನಿಯ ಡೇಟಾ ಸೆಂಟರ್‌ನಲ್ಲಿ ಇರಬಹುದು. ತಂತ್ರಜ್ಞಾನ ಎರಡಕ್ಕೂ ಒಂದೇ. ವ್ಯತ್ಯಾಸ ಇರುವುದು ಯಂತ್ರದ ಯಜಮಾನಿಕೆಯಲ್ಲಿ.

ಕಂಪನಿಯ ಅಡುಗೆಮನೆಯ ಇತಿಹಾಸ ಅಷ್ಟೇನೂ ಹೆಮ್ಮೆಯದಲ್ಲ. ‘ಆನ್‌ಲೈವ್’ 2010ರಲ್ಲಿ ಶುರುವಾಯಿತು, 2015ರ ಏಪ್ರಿಲ್‌ನಲ್ಲಿ ಮುಚ್ಚಿತು, ಅದರ ಪೇಟೆಂಟ್‌ಗಳು ಸೋನಿ ಪಾಲಾದವು. ಗೂಗಲ್‌ನ ‘ಸ್ಟೇಡಿಯಾ’ 2019ರ ನವೆಂಬರ್‌ನಲ್ಲಿ ಬಂತು, 2023ರ ಜನವರಿ 18ರಂದು ಹೋಯಿತು. ಭಾರತಕ್ಕೆ ಅದು ಬರಲೇ ಇಲ್ಲ. ಹೋಗುವಾಗ ಗೂಗಲ್ ಜನರಿಂದ ಪಡೆದ ಗೇಮ್‌ಗಳ ದುಡ್ಡು ವಾಪಸ್ ಕೊಟ್ಟಿತು, ಅದನ್ನು ಮೆಚ್ಚಲೇಬೇಕು. ಆದರೆ ಆಡಿ ಉಳಿಸಿಟ್ಟ ಆಟ?

ಈಗ ಎನ್ವಿಡಿಯಾ ತನ್ನ ‘ಜೀಫೋರ್ಸ್ ನೌ’ ಸೇವೆಯಲ್ಲಿ ಬಾಡಿಗೆ ಕಂಪ್ಯೂಟರ್ ಕೊಡುತ್ತಿದೆ. ಸ್ಟೀಮ್‌ನಂಥ ಅಂಗಡಿಯಲ್ಲಿ ನೀವೇ ಕೊಂಡ ಗೇಮನ್ನು ಅವರ ಯಂತ್ರದಲ್ಲಿ ಓಡಿಸಿಕೊಳ್ಳಬಹುದು ಎನ್ನುವುದು ಅದರ ಆಕರ್ಷಣೆ. 2020ರ ಫೆಬ್ರುವರಿಯಲ್ಲಿ ಅದು ಎಲ್ಲರಿಗೂ ತೆರೆದುಕೊಂಡ ಕೆಲವೇ ದಿನಗಳಲ್ಲಿ ಆಕ್ಟಿವಿಷನ್ ಬ್ಲಿಝಾರ್ಡ್, ಆಮೇಲೆ ಬೆಥೆಸ್ಡಾ ತಮ್ಮ ಗೇಮ್‌ಗಳನ್ನು ಅಲ್ಲಿಂದ ತೆಗೆಸಿದವು. ಸ್ವಲ್ಪ ಯೋಚನೆ ಮಾಡಿ. ಗೇಮ್‌ಗೆ ದುಡ್ಡು ಕೊಟ್ಟವರು ನೀವು. ಕಂಪ್ಯೂಟರ್ ಬಾಡಿಗೆ ಕೊಡುವವರು ನೀವು. ಆದರೂ ಯಾವ ಯಂತ್ರದಲ್ಲಿ ಆಡಬಹುದು ಅಂತ ತೀರ್ಮಾನ ಮಾಡುವವರು ಮೂರನೆಯವರು. ನಿಮ್ಮ ರೂಮಿನ ಪಿಸಿಯಿಂದ ನಿಮ್ಮ ಹಾಲ್‌ನ ಟಿವಿಗೆ ಆಟ ಕಳಿಸುವಾಗ ಈ ಮೂರನೆಯವರು ಬಾಯಿ ಹಾಕುವ ಅವಕಾಶವೇ ಇಲ್ಲ. ಈ ವಿಷಯದಲ್ಲಿ ನಾನು ಮನೆಯ ಪರ ನಿಲ್ಲಲು ಇದೊಂದೇ ಉದಾಹರಣೆ ಸಾಕು.

ಬಾಡಿಗೆಯ ಸ್ವಭಾವವೂ ಗೊತ್ತಿದ್ದದ್ದೇ. ಜೀಫೋರ್ಸ್ ನೌ ಚಂದಾದಾರರಿಗೆ ತಿಂಗಳಿಗೆ 100 ಗಂಟೆಯ ಮಿತಿಯನ್ನು 2024ರ ನವೆಂಬರ್‌ನಲ್ಲಿ ಘೋಷಿಸಿತು. ಮೈಕ್ರೋಸಾಫ್ಟ್ ತನ್ನ ‘ಗೇಮ್ ಪಾಸ್ ಅಲ್ಟಿಮೇಟ್’ ದರವನ್ನು ಅಮೆರಿಕದಲ್ಲಿ 2025ರ ಅಕ್ಟೋಬರ್‌ನಲ್ಲಿ ಒಂದೇ ಏಟಿಗೆ ತಿಂಗಳಿಗೆ 20 ಡಾಲರ್‌ನಿಂದ 30ಕ್ಕೆ ಏರಿಸಿತು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲ್ಲ.

ಭೌತಶಾಸ್ತ್ರವೂ ಬಾಡಿಗೆಯ ವಿರುದ್ಧವೇ ಇದೆ. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಸರ್ವರ್ ಸಾವಿರ ಕಿಲೋಮೀಟರ್ ದೂರದ ಮುಂಬೈಯಲ್ಲಿದ್ದರೆ, ಹೋಗಿಬರಲು ಬೆಳಕಿಗೇ 10 ಮಿಲಿಸೆಕೆಂಡ್ ಬೇಕು. ದಾರಿಯ ರೂಟರ್‌ಗಳು, ಎನ್ಕೋಡ್, ಡಿಕೋಡ್ ಎಲ್ಲ ಅದರ ಮೇಲೆ. ಮನೆಯೊಳಗೆ ಈ ದೂರದ ಲೆಕ್ಕ ಸೊನ್ನೆ. ಡೇಟಾ ಲೆಕ್ಕವೂ ಹಾಗೆಯೇ. 1080ಪಿ ಚಿತ್ರಕ್ಕೆ 20 ಎಂಬಿಪಿಎಸ್ ಇಟ್ಟುಕೊಂಡರೆ ಗಂಟೆಗೆ 9 ಜಿಬಿ ಖರ್ಚು. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಲಾನ್‌ನಲ್ಲಿ ಇದು ಹದಿಮೂರು ನಿಮಿಷಕ್ಕೆ ಮುಗಿಯುತ್ತದೆ. ಅದೇ ಮನೆಯೊಳಗಿನ ಸ್ಟ್ರೀಮಿಂಗ್ ನಿಮ್ಮ ರೂಟರ್ ದಾಟಿ ಹೊರಗೆ ಹೋಗುವುದೇ ಇಲ್ಲ. ಇಂಟರ್ನೆಟ್ ಬಿಲ್ ಕಟ್ಟದೆ ಲೈನ್ ಕಟ್ ಆಗಿದ್ದರೂ ಒಬ್ಬರೇ ಆಡುವ ಎಷ್ಟೋ ಗೇಮ್‌ಗಳು ನಡೆಯುತ್ತವೆ. ನಮ್ಮ ಎಷ್ಟು ಜನಕ್ಕೆ ಇದು ಗೊತ್ತಿದೆ? ವೈಫೈ ಅಂದರೇನೇ ಇಂಟರ್ನೆಟ್ ಅಂದುಕೊಂಡಿರುವ ದೇಶ ನಮ್ಮದು.

ಸರಿ, ಮನೆಯ ದಾರಿ ಇಷ್ಟು ಚೆನ್ನಾಗಿದ್ದರೆ ಕಂಪನಿಗಳು ಯಾಕೆ ಅದನ್ನು ಬೆಳೆಸಲಿಲ್ಲ? ಬೆಳೆಸಿದವು, ಆಮೇಲೆ ಕೈಬಿಟ್ಟವು. ಎನ್ವಿಡಿಯಾ 2013ರ ಸುಮಾರಿಗೆ ‘ಗೇಮ್‌ಸ್ಟ್ರೀಮ್’ ತಂದಿತು. ತನ್ನ ಕಾರ್ಡ್ ಇರುವ ಪಿಸಿಯಿಂದ ತನ್ನ ‘ಶೀಲ್ಡ್’ ಸಾಧನಕ್ಕೆ ಆಟ ಕಳಿಸುವ ವ್ಯವಸ್ಥೆ, ಅದ್ಭುತವಾಗಿಯೇ ಇತ್ತು. 2022ರ ಡಿಸೆಂಬರ್‌ನಲ್ಲಿ, ಇನ್ನು ಎರಡು ತಿಂಗಳಲ್ಲಿ ತೆಗೆದುಹಾಕುತ್ತೇವೆ ಅಂತ ನೋಟಿಸ್ ಕೊಟ್ಟಿತು. ಅದೇ ಕಂಪನಿಯ ಬಾಡಿಗೆ ಸೇವೆ ಮಾತ್ರ ಬೆಳೆಯುತ್ತಾ ಹೋಯಿತು. ಇದರಲ್ಲಿ ಪಿತೂರಿ ಹುಡುಕಬೇಕಿಲ್ಲ. ಒಮ್ಮೆ ಮಾರಿದ ಕಾರ್ಡಿನಿಂದ ತಿಂಗಳು ತಿಂಗಳು ದುಡ್ಡು ಬರಲ್ಲ, ಬಾಡಿಗೆ ಕೊಟ್ಟದ್ದರಿಂದ ಬರುತ್ತೆ. ಅದಕ್ಕೆ ಯಾವ ಎಂಬಿಎ ಬೇಕು?

ಆ ಹೊತ್ತಿಗೆ ಆಟಗಾರರನ್ನು ಉಳಿಸಿದ್ದು ಎರಡು ಉಚಿತ ಸಾಫ್ಟ್‌ವೇರ್‌ಗಳು. ಒಂದು ‘ಮೂನ್‌ಲೈಟ್’. ಅಮೆರಿಕದ ಕೇಸ್ ವೆಸ್ಟರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಂದು ಹ್ಯಾಕಥಾನ್‌ಗಾಗಿ ಶುರು ಮಾಡಿದ್ದು. ಎನ್ವಿಡಿಯಾದ ವ್ಯವಸ್ಥೆ ತನ್ನ ಸಾಧನದ ಜೊತೆ ಏನು ಮಾತಾಡುತ್ತದೆ ಅಂತ ಪತ್ತೆ ಮಾಡಿ, ಅದನ್ನು ಯಾವ ಫೋನಿಗಾದರೂ ಕಲಿಸಿದರು. ಇನ್ನೊಂದು ‘ಸನ್‌ಶೈನ್’. ಇದು ಪಿಸಿ ಕಡೆಯ ಕೆಲಸ ನೋಡಿಕೊಳ್ಳುತ್ತದೆ. ಎನ್ವಿಡಿಯಾ ಮಾತ್ರವಲ್ಲ, ಎಎಂಡಿ, ಇಂಟೆಲ್ ಕಾರ್ಡ್‌ಗಳಲ್ಲೂ ನಡೆಯುತ್ತದೆ. ಕಂಪನಿ ಕೈಬಿಟ್ಟದ್ದು ಈ ಸ್ವಯಂಸೇವಕರ ಕೈಯಲ್ಲಿ ಮೊದಲಿಗಿಂತ ಚೆನ್ನಾಗಿ ನಡೆಯುತ್ತಿದೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಇವು ಕಳಿಸುವುದು ಗೇಮ್ ಮಾತ್ರ ಅಲ್ಲ, ಇಡೀ ಡೆಸ್ಕ್‌ಟಾಪ್. ಮನೆಯಲ್ಲಿರುವ ಒಂದೇ ಒಳ್ಳೆಯ ಕಂಪ್ಯೂಟರಿನಲ್ಲಿ ಮಗಳು ಹಳೆಯ ಲ್ಯಾಪ್‌ಟಾಪಿನಿಂದಲೇ ಬ್ಲೆಂಡರ್ ಕಲಿಯಬಹುದು, ವಿಡಿಯೊ ಎಡಿಟ್ ಮಾಡಬಹುದು. ಗೇಮ್ ಅಂದರೆ ಮೂಗು ಮುರಿಯುವವರು ಇದನ್ನಾದರೂ ಗಮನಿಸಲಿ.

ಮೂಗು ಮುರಿಯುವವರ ಬಗ್ಗೆ ಹೇಳಿದೆ. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಬಳಿಕ “ಗೇಮ್ ಎಲ್ಲ ಬ್ಯಾನ್ ಆಯ್ತಂತೆ” ಅನ್ನೋ ಮಾತು ಮನೆಮನೆಯಲ್ಲೂ ಕೇಳಿಬಂತು. ಅದು ನಿಷೇಧಿಸಿದ್ದು ದುಡ್ಡು ಕಟ್ಟಿ ಆಡುವ ಆಟಗಳನ್ನು. ರಮ್ಮಿ ಆ್ಯಪ್‌ಗೂ ಹಾಲ್‌ನ ಟಿವಿಯಲ್ಲಿ ಮಗ ಓಡಿಸುವ ಕಾರ್ ರೇಸಿಗೂ ಸಂಬಂಧವಿಲ್ಲ. ನಿಜ ಹೇಳಬೇಕೆಂದರೆ ಬಾಗಿಲು ಹಾಕಿಕೊಂಡು ರೂಮಿನಲ್ಲಿ ಆಡುವುದಕ್ಕಿಂತ ಎಲ್ಲರ ಕಣ್ಣೆದುರು ಹಾಲ್‌ನಲ್ಲಿ ಆಡುವುದು ಹೆತ್ತವರಿಗೂ ಒಳ್ಳೆಯದೇ. ಸೀರಿಯಲ್ ಹೊತ್ತಿಗೆ ಟಿವಿ ಸಿಗುತ್ತದೆಯೇ ಅನ್ನೋದು ಬೇರೆ ಪ್ರಶ್ನೆ. ಫೋನಿಗೆ ಕಳಿಸುವ ಸೌಲಭ್ಯ ಇರುವುದೇ ಅದಕ್ಕೆ.

ಆ ಫೋನಿನದ್ದೂ ಒಂದು ಕಥೆ ಇದೆ. 2018ರ ಮೇನಲ್ಲಿ ವಾಲ್ವ್ ಕಂಪನಿ ‘ಸ್ಟೀಮ್ ಲಿಂಕ್’ ಆ್ಯಪನ್ನು ಐಫೋನಿಗೆ ತರಲು ಹೊರಟಾಗ ಆ್ಯಪಲ್ ಅಡ್ಡಗಾಲು ಹಾಕಿತು. ತನ್ನ ವ್ಯವಹಾರದ ನಿಯಮಗಳಿಗೆ ಹೊಂದುವುದಿಲ್ಲ ಎಂಬ ಕಾರಣ. ಒಪ್ಪಿಗೆ ಸಿಕ್ಕಿದ್ದು 2019ರ ಮೇನಲ್ಲಿ. ಪಿಸಿ ನಿಮ್ಮದು, ವೈಫೈ ನಿಮ್ಮದು, ಫೋನ್ ನಿಮ್ಮ ದುಡ್ಡಿನದು. ಆದರೂ ರೂಮಿನಿಂದ ಹಾಲ್‌ಗೆ ಒಂದು ಚಿತ್ರ ಹೋಗಲು ಕ್ಯಾಲಿಫೋರ್ನಿಯಾದ ಒಂದು ಆಫೀಸಿನಿಂದ ಒಂದು ವರ್ಷ ಅನುಮತಿ ಬರಲಿಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ, ತಳ್ಳಿಹಾಕುವಂಥದ್ದಲ್ಲ. ಒಳ್ಳೆಯ ಗೇಮಿಂಗ್ ಪಿಸಿ ಎಷ್ಟು ಮನೆಗಳಲ್ಲಿದೆ ಸ್ವಾಮಿ? ಕರ್ನಾಟಕದ ಬಹುಪಾಲು ಹುಡುಗರು ಆಡುವುದು ಫೋನಿನಲ್ಲಿ, ಬಿಜಿಎಂಐನಂಥದ್ದನ್ನು. ಅವರಿಗೆ ಬಾಡಿಗೆ ಕಂಪ್ಯೂಟರ್ ಒಂದೇ ಬಾಗಿಲಲ್ಲವೇ? ಹೌದು, ಲಕ್ಷ ರೂಪಾಯಿ ಒಟ್ಟಿಗೆ ಹೊಂದಿಸುವುದಕ್ಕಿಂತ ತಿಂಗಳಿಗೆ ಕೆಲವು ನೂರು ಕೊಡುವುದು ಸುಲಭ. ಬಾಡಿಗೆ ಸೇವೆ ಇರಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ರ‍್ಯಾಮ್ ಮಾರುವವರು ಮನೆಯ ಗಿರಾಕಿಯನ್ನು ಬಿಟ್ಟು ಡೇಟಾ ಸೆಂಟರಿಗೆ ಹೋಗುತ್ತಾರೆ, ಅದರಿಂದ ಮನೆ ಪಿಸಿ ದುಬಾರಿಯಾಗುತ್ತದೆ, ಆಮೇಲೆ ಅದೇ ಡೇಟಾ ಸೆಂಟರ್ ಬಂದು ‘ಪಿಸಿ ದುಬಾರಿ, ನಮ್ಮಲ್ಲಿ ಬಾಡಿಗೆಗೆ ತಗೊಳ್ಳಿ’ ಅನ್ನುತ್ತದೆ. ಆಗ ಅದನ್ನು ಬಡವರ ಪರವಾದ ಆಯ್ಕೆ ಅಂತ ಕರೆಯಲು ನನಗೆ ಬಾಯಿ ಬರಲ್ಲ. ಎಸ್‌ಪಿ ರೋಡ್‌ನಲ್ಲಿ ಒಂದೊಂದೇ ಬಿಡಿಭಾಗ ಆರಿಸಿ, ಎರಡು ವರ್ಷಕ್ಕೊಮ್ಮೆ ಏನಾದರೊಂದು ಬದಲಾಯಿಸಿ ಹತ್ತು ವರ್ಷ ಪಿಸಿ ಓಡಿಸುವ ಒಂದು ಮಧ್ಯಮ ವರ್ಗದ ಸಂಸ್ಕೃತಿ ನಮ್ಮಲ್ಲಿತ್ತು. ಈಗ ಪೆಟ್ಟು ಬೀಳುತ್ತಿರುವುದು ಅದಕ್ಕೆ. ಮನೆಯೊಳಗಿನ ಸ್ಟ್ರೀಮಿಂಗ್ ಅಂಥ ಒಂದು ಪಿಸಿಯನ್ನು ಇಡೀ ಕುಟುಂಬಕ್ಕೆ ಹಂಚುತ್ತದೆ, ಒಂದು ಹೊತ್ತಿಗೆ ಒಬ್ಬರಿಗೆ ಎನ್ನುವ ಮಿತಿಯ ಜೊತೆಗೇ.

ಕರೆಂಟ್ ಲೆಕ್ಕ ಕೇಳುವವರಿಗೆ: 400 ವ್ಯಾಟ್ ಎಳೆಯುವ ಪಿಸಿ ದಿನಕ್ಕೆ ಮೂರು ಗಂಟೆ ಓಡಿದರೆ ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿಯಲ್ಲಿ ಹಿಂದಿನ ಸರಾಸರಿಯ ಮೇಲೆ ಸಿಗುವುದು ಸ್ವಲ್ಪ ಮಾತ್ರ, ಹಾಗಾಗಿ ಈ ಬಾಬ್ತು ಬಿಲ್ಲಿನಲ್ಲಿ ಕಾಣಿಸಿಕೊಳ್ಳಬಹುದು. ಅಪ್ಪ ಕೇಳುವ ಮೊದಲೇ ತಿಳಿದಿರಲಿ.

ಈಗ ಗಾಳಿಯ ವಿಷಯ. ಅಂದರೆ ವೈಫೈ ತರಂಗಗಳು. ನನ್ನ ಪ್ರಕಾರ ಇಡೀ ಚರ್ಚೆಯಲ್ಲಿ ಸರ್ಕಾರದ ಪಾತ್ರ ನೇರವಾಗಿರುವುದು ಇಲ್ಲಿಯೇ, ಮತ್ತು ಕನ್ನಡದಲ್ಲಿ ಇದರ ಬಗ್ಗೆ ಮಾತೇ ಆಗಿಲ್ಲ.

2.4 ಗಿಗಾಹರ್ಟ್ಸ್ ಪಟ್ಟಿಯನ್ನು ಭಾರತ 2005ರಲ್ಲಿ ಲೈಸೆನ್ಸ್‌ನಿಂದ ಮುಕ್ತಗೊಳಿಸಿತು. ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಇರುವುದೇ ಮೂರು. ಒಂದು ಅಪಾರ್ಟ್‌ಮೆಂಟಿನಲ್ಲಿ ನಿಂತು ಫೋನಿನಲ್ಲಿ ವೈಫೈ ಪಟ್ಟಿ ತೆಗೆದು ನೋಡಿ, ಅಕ್ಕಪಕ್ಕದ ಇಪ್ಪತ್ತು ಮನೆಯ ರೂಟರ್‌ಗಳು ಆ ಮೂರು ಚಾನೆಲ್‌ಗೆ ನೂಕುನುಗ್ಗಲು ಮಾಡುತ್ತಿರುತ್ತವೆ, ಮೆಜೆಸ್ಟಿಕ್‌ನಲ್ಲಿ ಹಬ್ಬದ ಹಿಂದಿನ ರಾತ್ರಿಯ ಹಾಗೆ. ಮೈಕ್ರೋವೇವ್ ಓವನ್ ಕೂಡ ಅದೇ ಪಟ್ಟಿಯಲ್ಲಿ ಸದ್ದು ಮಾಡುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಉದಾರವಾಗಿ ಜಾಗ ಬಿಟ್ಟಿದ್ದು 2018ರ ಅಕ್ಟೋಬರ್‌ನಲ್ಲಿ. ಇವತ್ತು ಮನೆಯೊಳಗೆ ಆಟ ಕಳಿಸಲು ಸಾಧ್ಯವಾಗಿರುವುದು ಮುಖ್ಯವಾಗಿ ಆ ನಿರ್ಧಾರದಿಂದ.

ಮುಂದಿನದು 6 ಗಿಗಾಹರ್ಟ್ಸ್. ಅಮೆರಿಕ 2020ರ ಏಪ್ರಿಲ್‌ನಲ್ಲೇ ಅಲ್ಲಿನ 1,200 ಮೆಗಾಹರ್ಟ್ಸ್ ಅಷ್ಟನ್ನೂ ವೈಫೈಗೆ ಬಿಟ್ಟಿತು. ನಮ್ಮಲ್ಲಿ ವರ್ಷಗಟ್ಟಲೆ ಜಗ್ಗಾಟ. ಟೆಲಿಕಾಂ ಕಂಪನಿಗಳು ಅದನ್ನು ಮೊಬೈಲ್ ಸೇವೆಗೆ ಹರಾಜು ಹಾಕಿ ಅಂದವು, ವೈಫೈ ಬೇಕಾದ ಟೆಕ್ ಕಂಪನಿಗಳು ಮುಕ್ತವಾಗಿ ಬಿಡಿ ಅಂದವು. 2024ರ ನವೆಂಬರ್‌ನಲ್ಲಿ ಸೋನಿ ಪಿಎಸ್5 ಪ್ರೋ ಜಗತ್ತಿನಾದ್ಯಂತ ಬಿಡುಗಡೆಯಾದಾಗ ಭಾರತದಲ್ಲಿ ಬರಲಿಲ್ಲ. ಅದು ಬಳಸುವ 6 ಗಿಗಾಹರ್ಟ್ಸ್ ವೈಫೈಗೆ ಆಗ ಇಲ್ಲಿ ಅನುಮತಿ ಇರಲಿಲ್ಲ ಅನ್ನೋದೇ ಕಾರಣ. ಒಂದು ಆಟಿಕೆ ಬರಲಿಲ್ಲ ಎಂದು ಅಳಬೇಕಿಲ್ಲ, ಆದರೆ ಸೂಚನೆ ಸ್ಪಷ್ಟವಾಗಿತ್ತು. 2025ರ ಮೇನಲ್ಲಿ ದೂರಸಂಪರ್ಕ ಇಲಾಖೆ ಕರಡು ನಿಯಮ ಹೊರಡಿಸಿತು: ಕೆಳಗಿನ 500 ಮೆಗಾಹರ್ಟ್ಸ್ ಅನ್ನು, ಕಡಿಮೆ ಶಕ್ತಿಯ ಒಳಾಂಗಣ ಬಳಕೆಗೆ, ಲೈಸೆನ್ಸ್ ಇಲ್ಲದೆ ಬಿಡುವುದು. ಮೇಲಿನ 700 ಮೊಬೈಲ್ ಸೇವೆಯ ಕಡೆಗೆ.

ಅರ್ಧಕ್ಕಿಂತ ಕಮ್ಮಿ ಸಿಕ್ಕಿತು ಅಂತ ಬೇಸರಪಡಬಹುದು, ಅಷ್ಟಾದರೂ ಸಿಕ್ಕಿತು ಅಂತ ಸಮಾಧಾನವೂ ಪಡಬಹುದು. ನನಗೆ ಮುಖ್ಯ ಅನ್ನಿಸುವುದು ವಾದದ ರೀತಿ. ಹರಾಜು ಹಾಕಿದರೆ ಖಜಾನೆಗೆ ಎಷ್ಟು ಬರುತ್ತದೆ ಅನ್ನೋ ಅಂಕಿ ಎಲ್ಲರ ಬಾಯಲ್ಲೂ ಇರುತ್ತದೆ. ಮುಕ್ತವಾಗಿ ಬಿಟ್ಟ ತರಂಗ ಮನೆಯೊಳಗೆ ಎಷ್ಟು ಕೆಲಸ ಮಾಡುತ್ತದೆ ಅನ್ನೋದಕ್ಕೆ ರಸೀದಿ ಇಲ್ಲ, ಹಾಗಾಗಿ ಅದರ ಪರ ಯಾರೂ ಬಜೆಟ್ ಭಾಷಣದಲ್ಲಿ ಮಾತಾಡಲ್ಲ. ಗ್ರಾಹಕರ ಸಂಘಟನೆಗಳಿಗೂ ಇದು ದೂರದ ವಿಷಯ. ಹೀಗಾಗಿ ನಮ್ಮ ಹಾಲ್‌ನ ಗಾಳಿಯ ಬಗ್ಗೆ ಎರಡು ಬಗೆಯ ದೊಡ್ಡ ಕಂಪನಿಗಳು ಜಗಳವಾಡಿದವು, ಹಾಲ್‌ನವರು ಇರಲೇ ಇಲ್ಲ.

ಗೇಮ್‌ನ ಮಾಲೀಕತ್ವದ ಪ್ರಶ್ನೆ ಇನ್ನೂ ಉಳಿದಿದೆ, ಅದನ್ನು ಮನೆಯ ವೈಫೈ ಬಗೆಹರಿಸಲ್ಲ. ಯುಬಿಸಾಫ್ಟ್ 2024ರ ಮಾರ್ಚ್ 31ರಂದು ‘ದ ಕ್ರೂ’ ಗೇಮ್‌ನ ಸರ್ವರ್ ನಿಲ್ಲಿಸಿದಾಗ ದುಡ್ಡು ಕೊಟ್ಟು ಕೊಂಡವರ ಕೈಯಲ್ಲೂ ಏನೂ ಉಳಿಯಲಿಲ್ಲ. ಅದರಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಭಿಯಾನಕ್ಕೆ ಯುರೋಪಿನಲ್ಲಿ 2025ರ ಜುಲೈ ವೇಳೆಗೆ ಹತ್ತು ಲಕ್ಷ ಸಹಿ ದಾಟಿತು. ಕ್ಯಾಲಿಫೋರ್ನಿಯಾ ಕಾನೂನಿನ ಕಾರಣ, ನೀವು ಕೊಳ್ಳುತ್ತಿರುವುದು ಲೈಸೆನ್ಸ್ ಮಾತ್ರ ಎಂಬ ಸಾಲನ್ನು ಸ್ಟೀಮ್ ಈಗ ಪಾವತಿ ಪುಟದಲ್ಲೇ ತೋರಿಸುತ್ತದೆ. ಜಿಒಜಿಯಂಥ ಅಂಗಡಿಯಲ್ಲಿ ಬೀಗವಿಲ್ಲದ ಫೈಲ್ ಸಿಗುತ್ತದೆ, ಸಾಧ್ಯವಾದರೆ ಅಲ್ಲಿ ಕೊಳ್ಳಿ.

ಕೊನೆಗೆ ಎಲ್ಲಕ್ಕಿಂತ ಅಗ್ಗದ, ಎಲ್ಲರೂ ಮರೆಯುವ ವಸ್ತು: ತಂತಿ. ಪಿಸಿಯಿಂದ ರೂಟರಿಗೆ ಒಂದು ಲ್ಯಾನ್ ಕೇಬಲ್ ಎಳೆದರೆ ಅರ್ಧ ಸಮಸ್ಯೆ ಮಾಯ, ಟಿವಿಗೂ ಎಳೆದರೆ ಮುಕ್ಕಾಲು. ಇದಕ್ಕೆ ಯಾವ ತರಂಗಾಂತರವೂ ಬೇಡ. ಆದರೆ ಬೆಂಗಳೂರಿನ ಎಷ್ಟು ಹೊಸ ಫ್ಲಾಟ್‌ಗಳಲ್ಲಿ ರೂಮಿನಿಂದ ಹಾಲ್‌ಗೆ ಕೇಬಲ್ ಹಾಯಿಸಲು ಗೋಡೆಯೊಳಗೆ ಪೈಪ್ ಇದೆ? ಫೈಬರ್ ಬಂದು ಬಾಗಿಲ ಪಕ್ಕ ನಿಲ್ಲುತ್ತದೆ, ರೂಟರ್ ಚಪ್ಪಲಿ ಸ್ಟ್ಯಾಂಡ್ ಮೇಲೆ ಕೂರುತ್ತದೆ, ಎರಡು ಕಾಂಕ್ರೀಟ್ ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸುಸ್ತು. ಬಾಡಿಗೆ ಮನೆಯಾದರೆ ಓನರ್ ಮೊಳೆ ಹೊಡೆಯಲೂ ಬಿಡಲ್ಲ, ಇನ್ನು ಡ್ರಿಲ್ ಎಲ್ಲಿಯ ಮಾತು. ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ರೇಟಿಂಗ್ ಕೊಡುವ ನಿಯಮಾವಳಿಯನ್ನು ಟ್ರಾಯ್ 2024ರ ಅಕ್ಟೋಬರ್‌ನಲ್ಲಿ ತಂದಿದೆ. ಬಿಲ್ಡರ್‌ಗೆ ಬೇಕಾದರೆ ಮಾತ್ರ ರೇಟಿಂಗ್ ತೆಗೆದುಕೊಳ್ಳುವ ವ್ಯವಸ್ಥೆ ಅದು. ನಕ್ಷೆ ಮಂಜೂರು ಮಾಡುವಾಗ ಮಳೆನೀರು ಕೊಯ್ಲು ಇದೆಯೇ ಅಂತ ಕೇಳುವ ಊರಿನಲ್ಲಿ, ಕೋಣೆಗೊಂದು ಡೇಟಾ ಪೈಪ್ ಇದೆಯೇ ಅಂತಲೂ ಕೇಳಬಹುದು. ಮನೆ ಕಟ್ಟುವಾಗ ಆ ಪೈಪಿನ ಖರ್ಚು ಒಂದು ಕಿಟಕಿಯ ಗ್ರಿಲ್‌ನಷ್ಟೂ ಆಗಲ್ಲ, ಕಟ್ಟಿ ಮುಗಿದ ಮೇಲೆ ಗೋಡೆ ಒಡೆಯಬೇಕು.